ಸಾವಿರಕ್ಕೆ ಇಪ್ಪತ್ತು

ಗಾಜಿನ ಆಚೆ ಮೇಣದಬತ್ತಿ ಆರಿ ಎರಡು ಗಂಟೆ ಕಳೆದಿತ್ತು. ಬಾಗಿಲ ಮೇಲಿನ ದೀಪ ಮಾತ್ರ ಇನ್ನೂ ಹಸಿರಾಗಿಯೇ ಉರಿಯುತ್ತಿತ್ತು.

ಇನ್ಸ್‌ಪೆಕ್ಟರು ಬಾಗಿಲಿನ ಅಂಗೈಯಗಲದ ಗಾಜಿಗೆ ಹಣೆ ಒತ್ತಿ ನಿಂತಿದ್ದರು. ಒಳಗೆ ಸ್ಟೂಲಿನ ಮೇಲೆ ಅರ್ಧ ಕರಗಿದ ಬತ್ತಿ. ಅದರ ಹಿಂದೆ ಸೂರಿನವರೆಗೆ ಸೇಬಿನ ಪೆಟ್ಟಿಗೆಗಳು.

"ಹಸಿರು ಅಂದ್ರೆ ಒಳಗೆ ಹೋಗಬಹುದು ಅಂತ ತಾನೆ?" ಎಂದರು ಅವರು, ತಿರುಗದೆ.

"ಹೌದು," ಎಂದರು ಅಳತೆಯಮ್ಮ. "ಮೇಸ್ತ್ರಿನೂ ಹಾಗೇ ಅಂದುಕೊಂಡ."

ಶೀತಲಗೃಹದ ಯಂತ್ರಗಳನ್ನು ಮೂವತ್ತು ವರ್ಷ ನೋಡಿಕೊಂಡಿದ್ದ ಮೇಸ್ತ್ರಿ ಗುರುವಾರ ಬೆಳಿಗ್ಗೆ ಈ ಏಳನೇ ಕೋಣೆಯಲ್ಲಿ, ಹೊಸ್ತಿಲಿನಿಂದ ಮೂರೇ ಹೆಜ್ಜೆ ಆಚೆ, ಸತ್ತು ಬಿದ್ದಿದ್ದ. ಇವತ್ತು ಸೋಮವಾರ. ಮೈಮೇಲೆ ಒಂದು ಗಾಯವಿರಲಿಲ್ಲ. ಬಾಗಿಲ ಪಕ್ಕದಲ್ಲಿ ಅವನು ಕಳಚಿಟ್ಟ ಚಪ್ಪಲಿ ಇನ್ನೂ ಅಲ್ಲೇ ಇತ್ತು. ಅದರ ಧೂಳನ್ನು ಯಾರೋ ಒರೆಸಿದ್ದರು.

ಆ ಕೋಣೆಗಳ ಗುಟ್ಟೇ ಅಂಥದ್ದು. ಹಣ್ಣು ತಿಂಗಳುಗಟ್ಟಲೆ ಕೆಡದಿರಲೆಂದು ಒಳಗಿನ ಗಾಳಿಯಿಂದ ಆಮ್ಲಜನಕವನ್ನು ತೆಗೆದುಬಿಡುತ್ತಾರೆ. ನಾವು ಉಸಿರಾಡುವ ಗಾಳಿಯಲ್ಲಿ ಅದು ನೂರಕ್ಕೆ ಇಪ್ಪತ್ತೊಂದು ಭಾಗ ಇದ್ದರೆ ಅಲ್ಲಿ ಎರಡೇ ಭಾಗ. ಹಣ್ಣು ನಿದ್ದೆ ಹೋಗುತ್ತದೆ. ಮನುಷ್ಯ ಎರಡು ಉಸಿರಿಗೆ ಕುಸಿಯುತ್ತಾನೆ.

ಒಳಗೆ ಹೋಗುವ ಮೊದಲು ಗಾಳಿ ತುಂಬಬೇಕು. ತುಂಬಿದ ಮೇಲೆ ದೀಪ ಹಸಿರಾಗಬೇಕು. ಅಲ್ಲಿಯವರೆಗೆ ಕೆಂಪು.

ಅಳತೆಯಮ್ಮ ಕೆಮ್ಮಿದರು. ಬೆಳಗಿನಿಂದ ಈ ಥಂಡಿಯಲ್ಲಿ ನಿಂತು ಗಂಟಲು ಕಟ್ಟಿತ್ತು. ಕೈಚೀಲದಿಂದ ಫ್ಲಾಸ್ಕ್ ತೆಗೆದು, ಮೂಲೆಯ ನಲ್ಲಿಯ ಹತ್ತಿರ ಹೋಗಿ ಬಿಸಿ ಉಪ್ಪುನೀರು ಮುಕ್ಕಳಿಸಿ ಬಂದರು. ಅವರು ಎದ್ದು ಸ್ನಾನ ಮುಗಿಸುವಷ್ಟರಲ್ಲಿ ಯಜಮಾನರು ನೀರು ಕಾಯಿಸಿ, ತುಂಬಿ, ಮೇಲೊಂದು ಚೀಟಿ ಅಂಟಿಸಿ ಚೀಲದಲ್ಲಿ ಇಟ್ಟಾಗಿತ್ತು. ನಲವತ್ತೆರಡು ವರ್ಷದ ಸಂಸಾರದಲ್ಲಿ ಇಂಥ ಚೀಟಿಗಳು ಎಷ್ಟೋ.

ಹತ್ತಿರದ ಬೆಂಚಿನ ಮೇಲೆ ಗುಬ್ಬಿ ಕೂತಿದ್ದಳು. ಅಳತೆಯಮ್ಮನ ತಂಗಿಯ ಮಗಳು. ಕಾಲೇಜು ಮುಗಿಸಿ ಇಲ್ಲಿ ಕೆಲಸ ಸಿಕ್ಕಾಗಿನಿಂದ ದೊಡ್ಡಮ್ಮನ ಮನೆಯಲ್ಲೇ ಇದ್ದಾಳೆ. ಕಾವಲಿಗೆ ಕೂತಿದ್ದ ಮಹಿಳಾ ಕಾನ್‌ಸ್ಟೆಬಲ್ ತನ್ನ ಸ್ವೆಟರ್ ಬಿಚ್ಚಿ ಅವಳ ಹೆಗಲಿಗೆ ಹೊದಿಸಿದ್ದಳು. ಯಾರೂ ಹೇಳಿರಲಿಲ್ಲ. ತಾನು ಮಾತ್ರ ಎರಡೂ ಕೈ ಕಂಕುಳಲ್ಲಿ ಸಿಕ್ಕಿಸಿಕೊಂಡು ಕೂತಿದ್ದಳು.

ಇನ್ಸ್‌ಪೆಕ್ಟರು ಗಡಿಯಾರ ನೋಡಿದರು. ಮೂರು ಹತ್ತು.

"ಅಮ್ಮಾ, ನೀವು ಕೇಳಿದ್ರಿ ಅಂತ ಬತ್ತಿ ಇಡಿಸ್ದೆ, ಕೋಣೆ ಮತ್ತೆ ಮುಚ್ಚಿಸಿ ಯಂತ್ರ ಚಾಲೂ ಮಾಡಿಸ್ದೆ. ನಾಲ್ಕಕ್ಕೆ ಇವಳನ್ನ ಕರ್ಕೊಂಡು ಹೋಗಲೇಬೇಕು. ದೀಪದ ಲೆಕ್ಕ ತಿದ್ದಿರೋದು ಇವಳ ಹೆಸರಲ್ಲಿ. ಕೇಳಿದ್ರೆ ಬಾಯಿ ಬಿಡಲ್ಲ."

ಗುಬ್ಬಿ ತಲೆ ಎತ್ತಲಿಲ್ಲ. ಬೇರೆ ದಿನವಾಗಿದ್ದರೆ ಆ ಹುಡುಗಿಯ ಬಾಯಿ ಮುಚ್ಚಿಸುವುದೇ ಕಷ್ಟ. ನಾಲ್ಕು ದಿನದಿಂದ ಉಗುರು ಕಚ್ಚುವುದು ಬಿಟ್ಟರೆ ಆ ಬಾಯಿಗೆ ಬೇರೆ ಕೆಲಸವಿಲ್ಲ.

"ಇನ್ನೂ ಐವತ್ತು ನಿಮಿಷ ಇದೆ," ಎಂದರು ಅಳತೆಯಮ್ಮ. "ಮ್ಯಾನೇಜರ ಕೋಣೆಗೆ ಹೋಗೋಣ. ಗುಬ್ಬೀನೂ ಬರಲಿ."

*

ಮ್ಯಾನೇಜರು ಎದ್ದು ನಿಲ್ಲಲಿಲ್ಲ. ದಪ್ಪ ಹುಬ್ಬಿನ, ಗಡಸು ದನಿಯ ಮನುಷ್ಯ. ಅವರ ಹಿಂದಿನ ಪರದೆಯಲ್ಲಿ ಹನ್ನೆರಡು ಕೋಣೆಗಳ ಅಂಕಿಗಳು ಸಾಲಾಗಿ ಮಿನುಗುತ್ತಿದ್ದವು. ಹನ್ನೊಂದು ಕೋಣೆಗಳ ಮುಂದೆ ಕೆಂಪು ಬಣ್ಣದಲ್ಲಿ ಎರಡು ಎಂಬ ಅಂಕಿ. ಏಳನೆಯದರಲ್ಲಿ ಹಸಿರು ಬಣ್ಣದ ಇಪ್ಪತ್ತು.

"ನೋಡಿ, ಇಪ್ಪತ್ತಿದೆ," ಎಂದರು ಅವರು. "ಮಾಮೂಲಿ ಗಾಳಿ. ಬತ್ತಿ ತೇವಕ್ಕೆ ಆರಿರಬೇಕು."

ಅಳತೆಯಮ್ಮ ಕೈಚೀಲದಿಂದ ಸಣ್ಣ ಪುಸ್ತಕ ತೆಗೆದರು. ತೂಕ ಮತ್ತು ಅಳತೆ ಇಲಾಖೆಯಲ್ಲಿ ಅಂಗಡಿ ಅಂಗಡಿ ತಿರುಗಿ ತಕ್ಕಡಿ, ತೂಕದ ಬಟ್ಟು, ಲೀಟರಿನ ಅಳತೆ ಪರೀಕ್ಷೆ ಮಾಡಿ ಮುದ್ರೆ ಒತ್ತಿದ ಕಾಲದಿಂದ ಉಳಿದ ಅಭ್ಯಾಸ. ಊರವರು ಅವರ ನಿಜವಾದ ಹೆಸರನ್ನು ಮರೆತು ಅಳತೆಯಮ್ಮ ಎಂದು ಕರೆಯತೊಡಗಿದ್ದೂ ಆಗಲೇ.

"ಬೆಳಿಗ್ಗೆ ಬಾಗಿಲು ಮುಚ್ಚೋ ಮುಂಚೆ, ಒಳಗೆ ನಾವೆಲ್ಲ ನಿಂತು ಉಸಿರಾಡ್ತಿದ್ದಾಗ, ಇದೇ ಪರದೇಲಿ ಎಷ್ಟಿತ್ತು ಗೊತ್ತಾ? ಇನ್ನೂರ ಒಂಬತ್ತು."

"ಏನಂದ್ರಿ?" ಎಂದರು ಮ್ಯಾನೇಜರು.

"ನೂರು ಭಾಗ ಗಾಳೀಲಿ ಇನ್ನೂರ ಒಂಬತ್ತು ಭಾಗ ಆಮ್ಲಜನಕ ಇರಕ್ಕಾಗುತ್ತಾ? ನೂರು ಗ್ರಾಂ ಸಕ್ಕರೆ ಪೊಟ್ಟಣದಲ್ಲಿ ಇನ್ನೂರ ಒಂಬತ್ತು ಗ್ರಾಂ ಸಕ್ಕರೆ ಇದ್ದ ಹಾಗಾಯ್ತು. ಆದ್ರೆ ಸಾವಿರ ಭಾಗ ಗಾಳೀಲಿ ಇನ್ನೂರ ಒಂಬತ್ತು ಇರುತ್ತೆ. ಬೇರೆ ಕೋಣೆಗಳನ್ನೆಲ್ಲ ನೂರರ ಲೆಕ್ಕದಲ್ಲಿ ಅಳೀತಿದೀರಿ. ಏಳನೇದನ್ನ ಮಾತ್ರ ಸಾವಿರದ ಲೆಕ್ಕದಲ್ಲಿ."

ಇನ್ಸ್‌ಪೆಕ್ಟರ ಪೆನ್ನು ನಿಂತಿತು. "ಹಾಗಾದ್ರೆ ಈಗ ಇರೋ ಇಪ್ಪತ್ತು?"

"ಸಾವಿರಕ್ಕೆ ಇಪ್ಪತ್ತು. ಅಂದ್ರೆ ನೂರಕ್ಕೆ ಎರಡು. ಈಗ ಆ ಬಾಗಿಲು ತೆಗೆದು ಒಳಗೆ ಹೋದ್ರೆ ನೀವೂ ಮೂರನೇ ಹೆಜ್ಜೆಗೆ ಬೀಳ್ತೀರಿ."

ಮ್ಯಾನೇಜರು ನಿಧಾನವಾಗಿ ಕುರ್ಚಿ ತಿರುಗಿಸಿ ಪರದೆಯನ್ನೇ ದಿಟ್ಟಿಸಿದರು. ಗುರುವಾರವೂ ಕಣ್ಣೆದುರೇ ಇದ್ದ ಅಂಕಿ. ಸುರಕ್ಷಿತವಾದ ಗಾಳಿಗೂ ಕೊಲ್ಲುವ ಗಾಳಿಗೂ ಒಂದೇ ಮುಖ.

"ಗುಬ್ಬಿ," ಎಂದರು ಅಳತೆಯಮ್ಮ, "ಇವರಿಗೆ ಅರ್ಥ ಆಗೋ ಹಾಗೆ ಹೇಳಮ್ಮ."

ಗುಬ್ಬಿ ಪರದೆಯ ಕಡೆ ಬೆರಳು ತೋರಿಸಿದಳು. "ಕೋಣೆಯ ಅಂಕಿಗಳೆಲ್ಲ ಕ್ಲೌಡಿಗೆ ಹೋಗ್ತವೆ. ಕ್ಲೌಡ್ ಅಂದ್ರೆ ಎಲ್ಲೋ ದೂರದಲ್ಲಿರೋ ಕಂಪನಿಯವರ ಕಂಪ್ಯೂಟರು. ಬಿಸಿ, ಥಂಡಿ ಇವಕ್ಕೆಲ್ಲ ಅಲ್ಲಿ ಅಳತೆ ಸಿದ್ಧ ಇರುತ್ತೆ. ಸೇಬಿನ ಕೋಣೆ ಗಾಳಿಗೆ ಇಲ್ಲ. ಅದನ್ನ ನಾವೇ ಹುಟ್ಟುಹಾಕಬೇಕು. ಒಂದೊಂದು ಕೋಣೆಗೆ ಒಂದೊಂದು ಹಾಳೆ. ಹೆಸರೇನು, ನೂರಕ್ಕೋ ಸಾವಿರಕ್ಕೋ ಯಾವ ಮಾನದಲ್ಲಿ ಅಳೆಯೋದು, ಯಾತಕ್ಕೆ ಅಂತ ಒಂದು ಸಾಲು. ಹನ್ನೆರಡನ್ನೂ ನಾನೇ ಬರೆದೆ. ನೂರರ ಲೆಕ್ಕದಲ್ಲೇ ಬರೆದೆ."

"ಆಮೇಲೆ ಮಾನ ಬದಲಾಯಿಸಿದ್ರೆ?" ಎಂದರು ಅಳತೆಯಮ್ಮ.

"ಕಂಪ್ಯೂಟರೇ ಹತ್ತರಿಂದ ಗುಣಿಸಿ ತೋರಿಸುತ್ತೆ. ಅದರ ತಪ್ಪಲ್ಲ."

"ದೀಪದ ನಿಯಮ?"

ಗುಬ್ಬಿ ಕಣ್ಣು ಮುಚ್ಚಿಕೊಂಡಳು. "ಹತ್ತೊಂಬತ್ತು ಮೀರಿದ್ರೆ ಹಸಿರು. ಅಷ್ಟೇ ಬರೆದಿದ್ದೆ."

"ಹತ್ತೊಂಬತ್ತು ಏನು?"

"ಬರೀ ಹತ್ತೊಂಬತ್ತು, ದೊಡ್ಡಮ್ಮ."

ಮಾನ ನಮೂದಿಸದೆ ಬರೀ ಅಂಕಿ ಬರೆದದ್ದಕ್ಕೆ ಇಲಾಖೆಯಲ್ಲಿ ಎಷ್ಟೋ ಜನ ಕಿರಿಯರನ್ನು ಅಳತೆಯಮ್ಮ ಗದರಿದ್ದರು. ಮನೆಯಲ್ಲೇ ಇರುವ ಹುಡುಗಿಗೆ ಅದನ್ನು ಹೇಳಿಕೊಡಲು ಮರೆತಿದ್ದರು. ಅವಳ ಹೆಗಲಿನಿಂದ ಜಾರುತ್ತಿದ್ದ ಸ್ವೆಟರನ್ನು ಎಳೆದು ಸರಿಮಾಡಿದರು.

"ಅದು ನಿನ್ನ ತಪ್ಪು," ಎಂದರು ಮೆಲ್ಲಗೆ. "ಅದಕ್ಕೆ ನೀನು ಉತ್ತರ ಹೇಳ್ಬೇಕು. ಆದ್ರೆ ಮಾನ ಬದಲಾಯಿಸಿದ್ದು ಯಾರು ಅನ್ನೋದು ಬೇರೆ ಪ್ರಶ್ನೆ."

*

ಅವರು ಮ್ಯಾನೇಜರ ಕಡೆ ತಿರುಗಿದರು.

"ಗುರುವಾರ ಏಳನೇ ಕೋಣೆ ತೆಗೀಬೇಕಿತ್ತು. ಬೆಳಿಗ್ಗೆ ಆರಕ್ಕೆ ಗಾಳಿ ತುಂಬೋಕೆ ಶುರು ಮಾಡ್ಬೇಕಿತ್ತು. ತುಂಬಲಿಲ್ಲ. ಯಾಕೆ?"

"ಹಣ್ಣು ಕೊಳ್ಳೋರು ಎರಡು ದಿನ ಮುಂದಕ್ಕೆ ಹಾಕಿದ್ರು. ನಿಲ್ಲಿಸಿ ಅಂತ ಬೋರ್ಡಲ್ಲಿ ಬರೆದಿದ್ದೆ."

"ಮೇಸ್ತ್ರಿಗೆ ಬಾಯಲ್ಲಿ ಹೇಳಲಿಲ್ಲ."

"ಬೋರ್ಡು ನೋಡದೆ ಅವನು ಒಂದು ದಿನವೂ ಕೆಲಸ ಶುರು ಮಾಡಿದೋನಲ್ಲ."

"ಅವತ್ತು ಮಾಡ್ದ. ದೀಪ ಹಸಿರಿತ್ತು, ಗಾಳಿ ತುಂಬಿದೆ ಅಂದುಕೊಂಡ. ಅವನು ಅಂದುಕೊಳ್ತಾನೆ ಅಂತ ನಿಮಗೂ ಗೊತ್ತಿತ್ತು. ಫ್ಯಾನು ಕೆಟ್ಟ ವಿಷಯಕ್ಕೆ ಹಿಂದಿನ ವಾರ ಇಬ್ಬರಿಗೂ ಜೋರು ಜಗಳ ಆಗಿತ್ತಂತೆ."

ಮ್ಯಾನೇಜರ ಮುಖ ಕೆಂಪಾಯಿತು. "ಮೂವತ್ತು ವರ್ಷದಿಂದ ದಿನಾ ಜಗಳ ಆಡಿದೀವಿ. ಜಗಳ ಇಲ್ಲದ ದಿನ ಅವನಿಗೆ ಹುಷಾರಿಲ್ಲ ಅಂತ ಅರ್ಥ. ಅಮ್ಮಾ, ವಯಸ್ಸಿಗೆ ಮರ್ಯಾದೆ ಕೊಟ್ಟು ಸುಮ್ಮನಿದೀನಿ. ನಿಮ್ಮ ಹುಡುಗೀನ ಉಳಿಸ್ಕೊಳ್ಳೋಕೆ ನನ್ನ ಕೊರಳಿಗೆ ಕಟ್ತಿದೀರಿ."

"ಅವನ ಕೈ ಮೀಟರು ಎಲ್ಲಿ?"

ಮ್ಯಾನೇಜರು ಗೋಡೆಯ ಖಾಲಿ ಮೊಳೆಯ ಕಡೆ ನೋಡಿದರು.

ಇದೇ ಅಳತೆಯಮ್ಮನನ್ನು ಗುರುವಾರದಿಂದ ಕೊರೆಯುತ್ತಿದ್ದ ಪ್ರಶ್ನೆ. ಮೇಸ್ತ್ರಿಗೆ ಕ್ಲೌಡಿನ ಮೇಲೆ ನಂಬಿಕೆ ಇರಲಿಲ್ಲ. 'ಕಾಣದ ಊರಿನ ಕಂಪ್ಯೂಟರಿಗೆ ನನ್ನ ಉಸಿರು ಹೇಗೆ ಗೊತ್ತಾಗುತ್ತೆ' ಎಂದು ಗುಬ್ಬಿಯನ್ನು ರೇಗಿಸುತ್ತಿದ್ದನಂತೆ. ದೀಪ ಹಸಿರಿದ್ದರೂ ಗಾಳಿಯ ಆಮ್ಲಜನಕ ಅಳೆಯುವ ಅಂಗೈಯಗಲದ ತನ್ನ ಮೀಟರನ್ನು ಬಾಗಿಲ ಸಂದಿಗೆ ಹಿಡಿದು ನೋಡಿಯೇ ಒಳಗೆ ಕಾಲಿಡುತ್ತಿದ್ದ. ಆ ಮೀಟರು ಅವನ ಜೇಬಿನಲ್ಲಿರಲಿಲ್ಲ. ಅದನ್ನು ತೂಗುಹಾಕುತ್ತಿದ್ದ ಮೊಳೆಯ ಮೇಲೂ ಇರಲಿಲ್ಲ.

"ಮಂಗಳವಾರ ರಿಪೇರಿಗೆ ಕೊಟ್ಟ," ಎಂದರು ಮ್ಯಾನೇಜರು. "ಅಂಕಿ ಆಚೀಚೆ ಆಗ್ತಿದೆ, ಸರಿಮಾಡಿಸ್ಬೇಕು ಅಂದ."

"ಯಾರಿಗೆ ಕೊಟ್ಟ?"

"ಹೇಳಲಿಲ್ಲ. ಒಳ್ಳೆ ಕೈಗೆ ಕೊಟ್ಟಿದೀನಿ ಅಂದ. ಕಾಸು ಮುಟ್ಟಲ್ಲ, ಕೂರಿಸಿ ಕಾಫಿನೂ ಕೊಡ್ತಾರೆ ಅಂದ." ಅವರ ದನಿ ಸ್ವಲ್ಪ ಇಳಿಯಿತು. "ಚೀಲ ಸಮೇತ ಕೊಟ್ಟುಬಿಟ್ಟಿದ್ದ. ಹಳದಿ ಬಟ್ಟೆ ಚೀಲ, ಅವನ ಹೆಂಡತಿ ಹೊಲಿದಿದ್ದು. ಹಸಿರು ಗುಂಡಿ ಇತ್ತು ಅದಕ್ಕೆ. ನಿನ್ನ ಮದುವೆ ಚೀಲ ಎಲ್ಲಪ್ಪಾ ಅಂತ ನಾನೇ ತಮಾಷೆ ಮಾಡ್ದೆ. ಬುಧವಾರ ಸಂಜೆ."

ಅವರು ಮೇಜಿನ ಖಾನೆ ಎಳೆದು ಕರವಸ್ತ್ರ ತೆಗೆದು ಮುಖ ಒರೆಸಿಕೊಂಡರು. ಕರವಸ್ತ್ರದ ತುಂಬ ಮೇಸ್ತ್ರಿಯ ಚಪ್ಪಲಿಯ ಧೂಳಿನ ಕಲೆ. ಅಳತೆಯಮ್ಮ ಅದನ್ನು ನೋಡಿದರು. ಅವರ ದನಿಯ ಹರಿತ ತಾನಾಗಿ ಕಡಿಮೆಯಾಯಿತು.

ಹಳದಿ ಚೀಲ. ಹಸಿರು ಗುಂಡಿ.

ಎಲ್ಲೋ ನೋಡಿದ ನೆನಪು. ಎಲ್ಲಿ ಎಂದು ಹೊಳೆಯಲಿಲ್ಲ.

"ಮ್ಯಾನೇಜರೇ, ಪೊಲೀಸರು ನೋಡಿದ ಪಟ್ಟೀಲಿ ಮಾನ ಬದಲಾಯಿಸಿದ್ದು ಬುಧವಾರ ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ. ಆಗ ನೀವೆಲ್ಲಿದ್ರಿ?"

"ಬುಧವಾರಾನಾ?" ಮ್ಯಾನೇಜರು ಇನ್ಸ್‌ಪೆಕ್ಟರನ್ನು ನೋಡಿದರು. "ನಂಗೆ ಯಾರೂ ಹೊತ್ತು ಹೇಳಲಿಲ್ಲವಲ್ಲ. ಇದೇ ಕುರ್ಚೀಲಿ ಇದ್ದೆ. ಇವಳು ಎದುರಿಗೆ ನಿಂತಿದ್ಲು. ರಜೆ ಕೇಳೋಕೆ ಬಂದಿದ್ಲು. ಹನ್ನೊಂದರಿಂದ ಹನ್ನೊಂದೂವರೆ ತನಕ ಬೈದೆ. ಫೋನೂ ಇವಳ ಕೈಯಲ್ಲಿರಲಿಲ್ಲ, ಕಸಿದು ಈ ಮೇಜಿನ ಮೇಲೆ ಇಟ್ಟುಕೊಂಡಿದ್ದೆ. ಹೊರಗಿನ ಗುಮಾಸ್ತೆಯನ್ನ ಕೇಳಿ, ಅವಳಿಗೂ ಕೇಳಿಸಿರುತ್ತೆ."

ಇನ್ಸ್‌ಪೆಕ್ಟರು ಎದ್ದು ನಿಂತರು. "ಇದನ್ನ ಬರೆದು ಕೊಡ್ತೀರಾ?"

"ಬೈದಿದ್ದನ್ನೂ ಸೇರಿಸಿ ಕೊಡ್ತೀನಿ."

ಅಳತೆಯಮ್ಮ ಕುರ್ಚಿಯ ಕೈ ಹಿಡಿದುಕೊಂಡರು. ಗುಬ್ಬಿ ಅಲ್ಲ. ನಾಲ್ಕು ದಿನ ಹೊತ್ತ ಕಲ್ಲು ಇಳಿದಿತ್ತು. ಅವರು ಖುಷಿಯಿಂದ ಹುಡುಗಿಯ ಕಡೆ ನೋಡಿದರು.

ಗುಬ್ಬಿಯ ಮುಖ ಬಿಳುಚಿಕೊಂಡಿತ್ತು.

*

"ಅಂದ್ರೆ ಇವಳ ಹೆಸರಲ್ಲಿ ಬೇರೆ ಯಾರೋ ತಿದ್ದಿದಾರೆ," ಎಂದರು ಇನ್ಸ್‌ಪೆಕ್ಟರು. "ಎಲ್ಲಿಂದ ತಿದ್ದಿದ್ರು ಅಂತ ಗೊತ್ತಾಗುತ್ತಾ?"

ಮ್ಯಾನೇಜರು ಏಳನೇ ಕೋಣೆಯ ಹಾಳೆ ತೆರೆದರು. ಬದಲಾವಣೆಗಳ ಪಟ್ಟಿ ಬಂತು. ಪೊಲೀಸರು ನೋಡಿದ್ದು ಮೊದಲ ಎರಡು ಅಂಕಣ, ಯಾರು ಮತ್ತು ಯಾವಾಗ.

"ಪಕ್ಕಕ್ಕೆ ಇನ್ನೂ ಇದೆಯಾ?" ಎಂದರು ಅಳತೆಯಮ್ಮ. ತಕ್ಕಡಿಯನ್ನು ತಿರುಗಿಸಿ ಹಿಂಭಾಗ ನೋಡದೆ ಅವರು ಯಾವತ್ತೂ ಮುದ್ರೆ ಒತ್ತಿದವರಲ್ಲ. "ಸರಿಸಿ."

ಮ್ಯಾನೇಜರು ಸರಿಸಿದರು. ಮೂರನೆಯ ಅಂಕಣದಲ್ಲಿ ಉದ್ದನೆಯ ಒಂದು ಸಂಖ್ಯೆ, ತಿದ್ದಿದ ಜಾಗದ ಇಂಟರ್ನೆಟ್ ವಿಳಾಸ. ಅವರು ಹುಬ್ಬು ಗಂಟಿಕ್ಕಿದರು.

"ಇದು ನಮ್ಮ ಆಫೀಸಿನದಲ್ಲ. ಇದನ್ನ ನಾನು ನೋಡಿದೀನಿ. ಶನಿವಾರ ಇವಳು ಮನೇಲಿ ಕೂತು ಕೆಲಸ ಮಾಡ್ದಾಗ ಇದೇ ಬರೋದು."

"ಮನೆ ಅಂದ್ರೆ?"

"ಇವಳಿರೋ ಮನೆ. ಈ ಅಮ್ಮನ ಮನೆ."

ಅಳತೆಯಮ್ಮನಿಗೆ ಮಾತು ಕೇಳಿಸಿತು. ಅರ್ಥವಾಗಲು ಹೊತ್ತು ಹಿಡಿಯಿತು. ನಡುಮನೆಯ ಮೂಲೆಯಲ್ಲಿ ಗುಬ್ಬಿಯ ಹಳೆಯ ಕಂಪ್ಯೂಟರ್ ಇದೆ. ಅವಳು ಅದನ್ನು ಮುಚ್ಚುವುದೇ ಇಲ್ಲ, ಹಾಳೆಗಳು ಅವಳ ಹೆಸರಲ್ಲೇ ತೆರೆದಿರುತ್ತವೆ. ಬುಧವಾರ ಹನ್ನೊಂದಕ್ಕೆ ತಾವು ಹೊಸ ಕನ್ನಡಕಕ್ಕೆಂದು ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದರು.

"ನಾಲ್ಕನೇ ಅಂಕಣದಲ್ಲಿ ಏನೋ ಬರೆದಿದೆ," ಎಂದರು ಇನ್ಸ್‌ಪೆಕ್ಟರು ಬಗ್ಗಿ. "ಬದಲಾಯಿಸಿದ ಕಾರಣ." ಅವರು ಓದಿದರು: "ಸಾವಿರಕ್ಕೆ ಇಷ್ಟು ಎಂದರೆ ದಶಾಂಶದ ಕಾಟ ಇಲ್ಲ." ತಲೆ ಎತ್ತಿದರು. "ಇದೇನಮ್ಮಾ ಸಾವಿರದ ಲೆಕ್ಕ? ನಾನು ಎಲ್ಲೂ ಕೇಳಿಲ್ಲ. ಹೀಗೆ ಯಾರು ಅಳೀತಾರೆ?"

"ನೀರು ಪರೀಕ್ಷೆ ಮಾಡೋ ಪ್ರಯೋಗಾಲಯದವರು," ಎಂದರು ಅಳತೆಯಮ್ಮ, ವೃತ್ತಿಯ ಪ್ರಶ್ನೆಗೆ ಉತ್ತರ ತಾನಾಗಿ ಬಂದಂತೆ. "ನೀರಿನ ಉಪ್ಪನ್ನ ಅವರು ಸಾವಿರಕ್ಕೆ ಇಷ್ಟು ಅಂತಲೇ..."

ಅವರ ಕಣ್ಣು ಕೆಳಗೆ ಹೋಯಿತು.

ಮಡಿಲಲ್ಲಿದ್ದ ಕೈಚೀಲದ ಬಾಯಿಂದ ಫ್ಲಾಸ್ಕಿನ ಮುಚ್ಚಳ ಇಣುಕುತ್ತಿತ್ತು. ಅದರ ಮೇಲೆ ಬೆಳಿಗ್ಗೆ ಅಂಟಿಸಿದ ಚೀಟಿ. ಯಜಮಾನರ ದುಂಡಗಿನ, ಒತ್ತಿ ಬರೆದ ಅಕ್ಷರ. 'ಉಪ್ಪು, ಸಾವಿರಕ್ಕೆ ಒಂಬತ್ತು. ಗಂಟಲಿಗೆ.'

ಮೂವತ್ತೈದು ವರ್ಷ ನೀರಿನ ಪ್ರಯೋಗಾಲಯದಲ್ಲಿ ದುಡಿದು ನಿವೃತ್ತರಾದ ಮನುಷ್ಯ. ಮನೆಯಲ್ಲಿ ಸುಮ್ಮನೆ ಕೂರಲಾರದೆ ನೆರೆಹೊರೆಯವರ ಗಡಿಯಾರ, ಥರ್ಮಾಮೀಟರು, ಸಣ್ಣಪುಟ್ಟ ಮೀಟರು ಸರಿಮಾಡಿಕೊಡುವ ಮನುಷ್ಯ. ಕಾಸು ಮುಟ್ಟುವುದಿಲ್ಲ. ಕೂರಿಸಿ ಕಾಫಿ ಕೊಡುತ್ತಾರೆ.

ಆಗ ಹಳದಿ ಚೀಲ ನೆನಪಾಯಿತು. ಇವತ್ತು ಬೆಳಿಗ್ಗೆ, ಯಜಮಾನರ ಮೇಜಿನ ಧೂಳು ಒರೆಸುವಾಗ, ತಮ್ಮದೇ ಕೈಯಿಂದ ಅದನ್ನು ಎತ್ತಿ ನಿಘಂಟಿನ ಪಕ್ಕಕ್ಕೆ ಇಟ್ಟಿದ್ದರು. ಹಸಿರು ಗುಂಡಿ ಸಡಿಲವಾಗಿದೆ, ಹೊಲಿದುಕೊಡಬೇಕು ಎಂದೂ ಅಂದುಕೊಂಡಿದ್ದರು.

ಮೇಜಿನ ಕೆಳಗಿಂದ ತಣ್ಣನೆಯ ಕೈಯೊಂದು ಬಂದು ಅವರ ಕೈ ಹಿಡಿಯಿತು. ಗುಬ್ಬಿ ಬಾಯನ್ನು ಅವರ ಕಿವಿಯ ಹತ್ತಿರ ತಂದಳು.

"ದೊಡ್ಡಮ್ಮ, ಇಲ್ಲಿಗೇ ಬಿಟ್ಬಿಡಿ. ನಾನೇ ಮಾಡ್ದೆ ಅಂತ ಇರಲಿ."

"ನಿನಗೆ ಗೊತ್ತಿತ್ತಾ?"

"ಗುರುವಾರವೇ, ಆ ಸಾಲು ಓದಿದ ಕೂಡಲೇ. ದೊಡ್ಡಪ್ಪ ದಿನಾ ಹೇಳೋ ಮಾತು ಅದು. ಸಹಾಯ ಮಾಡೋಣ ಅಂತ ತಿದ್ದಿರ್ತಾರೆ. ಅವರಿಗೆ ದೀಪದ ವಿಷಯ ಗೊತ್ತಿಲ್ಲ, ದೊಡ್ಡಮ್ಮ. ಗೊತ್ತಿರೋಕೆ ಸಾಧ್ಯ ಇಲ್ಲ."

ನಾಲ್ಕು ದಿನದ ಮೌನ ಅದಕ್ಕಾಗಿ. ಆ ಹುಡುಗಿ ಜೈಲಿಗೆ ಹೋಗಲು ಸಿದ್ಧಳಾಗಿ ಉಗುರು ಕಚ್ಚುತ್ತಾ ಕೂತದ್ದು ಅದಕ್ಕಾಗಿ.

ಹಾಗೇ ಇರಬಹುದು. ಒಬ್ಬ ಮುದುಕ ಹುಡುಗಿಯ ಹಾಳೆಯನ್ನು ಚೊಕ್ಕ ಮಾಡಲು ಹೋಗಿ ಒಂದು ಪದ ತಿದ್ದಿರಬಹುದು. ಮಂಗಳವಾರ ಮೀಟರು ಅವರ ಮೇಜಿಗೆ ಬಂದದ್ದೂ, ಬುಧವಾರ ಮಾನ ಬದಲಾದದ್ದೂ, ಗುರುವಾರ ಮೇಸ್ತ್ರಿ ಸತ್ತದ್ದೂ ಬರೀ ಒಂದರ ಹಿಂದೆ ಒಂದು ಬಂದಿರಬಹುದು. ಆದರೆ ಹನ್ನೆರಡು ಹಾಳೆಗಳಲ್ಲಿ ಏಳನೆಯದನ್ನೇ ಯಾಕೆ ತಿದ್ದಿದರು? ಮೇಸ್ತ್ರಿ ಸತ್ತ ಸುದ್ದಿ ಕೇಳಿಯೂ ಮೀಟರಿನ ಮಾತನ್ನು ಯಾಕೆ ಎತ್ತಲಿಲ್ಲ?

"ಅಮ್ಮಾ," ಎಂದರು ಇನ್ಸ್‌ಪೆಕ್ಟರು. ದನಿ ಮೆತ್ತಗಿತ್ತು. ತಾವೇ ಎದ್ದು ಒಂದು ಲೋಟ ನೀರು ತಂದು ಅವರ ಮುಂದೆ ಇಟ್ಟರು. "ಬುಧವಾರ ಹನ್ನೊಂದು ಇಪ್ಪತ್ತಕ್ಕೆ ನಿಮ್ಮ ಮನೇಲಿ ಯಾರಿದ್ರು?"

ಅಳತೆಯಮ್ಮ ಎದ್ದರು.

"ಒಂದು ಫೋನ್ ಮಾಡ್ತೀನಿ. ಆಮೇಲೆ ಹೇಳ್ತೀನಿ."

ಕಿಟಕಿಯ ಹತ್ತಿರ ಹೋಗಿ ಮನೆಯ ನಂಬರು ಒತ್ತಿದರು. ಮೊದಲ ಸಲ ತಪ್ಪಿತು. ಎರಡನೆಯ ಸಲ ಎರಡೇ ರಿಂಗಿಗೆ ಯಜಮಾನರು ಎತ್ತಿಕೊಂಡರು. ಆ ಕಡೆ ರೇಡಿಯೋ ಸಣ್ಣಗೆ ಹಾಡುತ್ತಿತ್ತು. ಅವರು ಅದನ್ನು ಆರಿಸಿದ್ದೂ ಕೇಳಿಸಿತು.

ಒಂದೇ ಒಂದು ಮಾತು ಸಾಕಿತ್ತು. ಹೌದು ಕಣೇ, ಮೇಸ್ತ್ರಿ ಕೊಟ್ಟಿದ್ದ, ನಾನು ಮರೆತೇಬಿಟ್ಟಿದ್ದೆ ಎಂದರೆ ಸಾಕಿತ್ತು. ಇನ್ಸ್‌ಪೆಕ್ಟರ ಕಡೆ ತಿರುಗಿ, ಮುದುಕರ ಎಡವಟ್ಟು ಸ್ವಾಮಿ, ಎಂದು ತಲೆ ಎತ್ತಿ ಹೇಳಬಹುದಿತ್ತು.

"ರೀ," ಎಂದರು. "ನಿಮ್ಮ ಮೇಜಿನ ಮೇಲೆ ಒಂದು ಹಳದಿ ಚೀಲ ಇತ್ತಲ್ಲ, ಹಸಿರು ಗುಂಡೀದು. ಅದು ಯಾರದು?"

ಆ ಕಡೆ ಕುರ್ಚಿ ಸರಿದ ಸದ್ದು.

"ಹಳದಿ ಚೀಲಾನಾ? ನನ್ನ ಮೇಜಿನ ಮೇಲೆ ಅಂಥದ್ದೇನೂ ಇರಲೇ ಇಲ್ಲವಲ್ಲ," ಎಂದರು ಯಜಮಾನರು. ಆಮೇಲೆ, ಎಂದಿನ ಅದೇ ಅಕ್ಕರೆಯ ದನಿಯಲ್ಲಿ, "ಗಂಟಲು ಹೇಗಿದೆ? ಉಪ್ಪುನೀರು ಮುಕ್ಕಳಿಸಿದ್ಯಾ?"